ನಡೆದು ನೋಡಿ, ಆಮೇಲೆ ಕೀಳಿ: ಪ್ರಕೃತಿಧಾಮದಲ್ಲಿ ನಡಿಗೆ ಮತ್ತು ಕಳೆ ತೆಗೆಯುವ ದಿನ ನಡೆಸಲು ಸಮಗ್ರ ಮಾರ್ಗದರ್ಶಿ

ಆಸಕ್ತರನ್ನು ಸೇರಿಸಿ, ಗೈಡ್ ಜೊತೆ ಕಾಡು ಸುತ್ತಿಸಿ, ಅದೇ ಬೆಳಗ್ಗೆ ಒಂದಷ್ಟು ಕಳೆಗಿಡಗಳನ್ನೂ ಕೀಳಿಸುವ ಕಾರ್ಯಕ್ರಮಗಳು ಈಗ ಎಷ್ಟೋ ಪ್ರಕೃತಿಧಾಮಗಳಲ್ಲಿ ನಡೆಯುತ್ತವೆ. ಕೇಳಲು ಸುಲಭ ಅನಿಸುತ್ತದೆ, ಅಲ್ವಾ? ಆದರೆ ತಯಾರಿ ಇಲ್ಲದೆ ಮಾಡಿದರೆ ಕಾಡಿಗೆ ಲಾಭಕ್ಕಿಂತ ನಷ್ಟವೇ ಜಾಸ್ತಿ. ಕಿತ್ತ ಜಾಗದಲ್ಲಿ ಕಳೆ ಮೊದಲಿಗಿಂತ ದಟ್ಟವಾಗಿ ಏಳುತ್ತದೆ. ಕಳೆಯ ಜೊತೆ ಒಳ್ಳೆಯ ಸಸಿಗಳೂ ಹೋಗುತ್ತವೆ. ಬಂದವರು ಸುಸ್ತಾಗಿ ಮನೆಗೆ ಹೋಗಿ, ಇನ್ನೊಂದು ಸಲ ಕರೆದರೆ ಬರುವುದಿಲ್ಲ.

ಅಂಥ ದಿನವನ್ನು ನಡೆಸಲು ಹೊರಟವರಿಗಾಗಿ ಇದನ್ನು ಬರೆದಿದ್ದೇನೆ. ಸ್ವಯಂಸೇವಕರಾಗಿ ಹೋಗುವವರಿಗೂ ಇದರಲ್ಲಿ ಬೇಕಾದಷ್ಟಿದೆ. ಒಂದು ಮಾತು ಮೊದಲೇ ಹೇಳುತ್ತೇನೆ, ಮುಂದಿನದ್ದೆಲ್ಲ ಅದರ ಮೇಲೇ ನಿಂತಿದೆ: ಕಿತ್ತ ರಾಶಿಯ ಎತ್ತರ ಅಳೆಯಬೇಡಿ, ಕಿತ್ತ ಜಾಗದಲ್ಲಿ ಮುಂದಿನ ವರ್ಷ ಏನು ಬೆಳೆದಿದೆ ಎಂದು ನೋಡಿ. ಹಾಗಾಗಿ ಜಾಗ ಸಣ್ಣದಿರಲಿ, ಅದೇ ಜಾಗಕ್ಕೆ ಮತ್ತೆ ಮತ್ತೆ ಬನ್ನಿ.

ಹೆಜ್ಜೆ 1: ಅನುಮತಿ

ಕಾಯ್ದಿಟ್ಟ ಜಾಗದಲ್ಲಿ ಒಂದು ಗಿಡ ಕೀಳಲೂ ಅಲ್ಲಿನ ಆಡಳಿತದ ಒಪ್ಪಿಗೆ ಬೇಕು. ಅದು ಕಳೆಯೇ ಆದರೂ ಅಷ್ಟೇ. ಬಾಯಿಮಾತಿನ ಒಪ್ಪಿಗೆ ಸಾಲದು, ಬರಹದಲ್ಲಿ ಪಡೆಯಿರಿ. ಯಾವ ಜಾಗ, ಯಾವ ಗಿಡ, ಯಾವ ಸಲಕರಣೆ, ಕಿತ್ತದ್ದನ್ನು ಎಲ್ಲಿ ಹಾಕುವುದು ಎಂಬ ನಾಲ್ಕೂ ಅದರಲ್ಲಿ ಇರಲಿ.

ಒಪ್ಪಿಗೆ ಕೇಳಲು ಹೋದಾಗ ಅಲ್ಲಿ ದಿನವೂ ಓಡಾಡುವ ಸಿಬ್ಬಂದಿಯ ಜೊತೆ ಸ್ವಲ್ಪ ಹೊತ್ತು ಕೂತು ಮಾತಾಡಿ. ಯಾವ ತಿಂಗಳಲ್ಲಿ ಯಾವ ಪೊದೆಯಲ್ಲಿ ಹಕ್ಕಿ ಗೂಡು ಕಟ್ಟುತ್ತದೆ, ಹೆಜ್ಜೇನು ಎಲ್ಲಿದೆ, ಪ್ರಾಣಿಗಳು ನೀರಿಗೆ ಯಾವ ಹೊತ್ತಿನಲ್ಲಿ ಬರುತ್ತವೆ ಎಂಬುದೆಲ್ಲ ಅವರಿಗೆ ಗೊತ್ತಿರುತ್ತದೆ. ಸಂಶೋಧಕರು ಗುರುತು ಹಾಕಿಟ್ಟ ಜಾಗಗಳಿದ್ದರೆ ಅದನ್ನೂ ಕೇಳಿ. ನೀವು ಕಳೆ ಅಂದುಕೊಂಡು ಕೀಳುವ ಗಿಡದ ಮೇಲೆ ಯಾರೋ ವರ್ಷಗಟ್ಟಲೆ ಅಧ್ಯಯನ ಮಾಡುತ್ತಿರಬಹುದು.

ಹೆಜ್ಜೆ 2: ಒಂದೇ ಗಿಡ ಆರಿಸಿ

ಹೊರಗಿನಿಂದ ಬಂದ ಗಿಡವೆಲ್ಲ ಶತ್ರುವಲ್ಲ. ಜೀವವೈವಿಧ್ಯದ ಬಗ್ಗೆ ಸರ್ಕಾರಗಳಿಗೆ ವರದಿ ಕೊಡುವ ಐಪಿಬಿಇಎಸ್ ಎಂಬ ಅಂತರರಾಷ್ಟ್ರೀಯ ವೇದಿಕೆ 2023ರಲ್ಲಿ ಒಂದು ಲೆಕ್ಕ ಕೊಟ್ಟಿತು. ಮನುಷ್ಯರಿಂದಾಗಿ ಹೊಸ ನೆಲ ಸೇರಿದ ಸುಮಾರು 37,000 ಜಾತಿಯ ಜೀವಿಗಳಲ್ಲಿ ಹಾನಿ ಮಾಡುವ ಆಕ್ರಮಣಕಾರಿಗಳು 3,500ಕ್ಕಿಂತ ಸ್ವಲ್ಪ ಹೆಚ್ಚು. ಇದರಲ್ಲಿ ಗಿಡಗಳ ಜೊತೆ ಪ್ರಾಣಿ, ಕೀಟಗಳೂ ಸೇರಿವೆ. ಅಂದರೆ ಹತ್ತರಲ್ಲಿ ಒಂದು ತೊಂದರೆ ಕೊಡುತ್ತದೆ. ಆ ಒಂದನ್ನು ಸರಿಯಾಗಿ ಗುರುತಿಸುವುದೇ ಅರ್ಧ ಕೆಲಸ.

ಒಂದು ದಿನಕ್ಕೆ ಒಂದೇ ಗಿಡ ಇಟ್ಟುಕೊಳ್ಳಿ. ಹೊಸಬರಿಗೆ ನಾಲ್ಕೈದು ಗಿಡ ತೋರಿಸಿ ಎಲ್ಲವನ್ನೂ ಕೀಳಿ ಎಂದರೆ ಗೊಂದಲ ಖಂಡಿತ. ಒಂದೇ ಗಿಡವಾದರೆ ಎಲೆ, ಕಾಂಡ, ವಾಸನೆ, ಬೇರು ಎಲ್ಲವೂ ಅರ್ಧ ಗಂಟೆಯಲ್ಲಿ ಕೈಗೆ ಬರುತ್ತದೆ.

ಗಿಡ ಆರಿಸಿದ ಮೇಲೆ ಅದರ ಬದುಕನ್ನು ತಿಳಿದುಕೊಳ್ಳಿ. ಮುಖ್ಯವಾಗಿ ಮೂರು ಪ್ರಶ್ನೆ. ಅದು ಹೇಗೆ ಹರಡುತ್ತದೆ? ಕತ್ತರಿಸಿದರೆ ಮತ್ತೆ ಚಿಗುರುತ್ತದೆಯೇ? ಅದರ ಬೀಜ ಮಣ್ಣಿನಲ್ಲಿ ಎಷ್ಟು ಕಾಲ ಬದುಕುತ್ತದೆ?

ಮೂರನೆಯ ಪ್ರಶ್ನೆಯನ್ನು ಜನ ಕೇಳುವುದೇ ಇಲ್ಲ. ಆದರೆ ನೀವು ಎಷ್ಟು ವರ್ಷ ಆ ಜಾಗಕ್ಕೆ ಬರಬೇಕು ಎಂಬುದನ್ನು ಹೇಳುವುದು ಅದೇ. ಯುರೋಪಿನ ಹೊಳೆ ದಂಡೆಗಳನ್ನು ಆವರಿಸಿರುವ ಹಿಮಾಲಯನ್ ಬಾಲ್ಸಂ ಒಂದು ವರ್ಷ ಬಾಳುವ ಗಿಡ. ಅದರ ಕಾಯಿ ಸಿಡಿದು ಬೀಜಗಳು ಏಳು ಮೀಟರ್ ದೂರದವರೆಗೂ ಹಾರುತ್ತವೆ. ಆದರೆ ಬೀಜದ ಆಯಸ್ಸು ಕಡಿಮೆ, ಸುಮಾರು ಎರಡು ವರ್ಷ. ಹೊಸ ಬೀಜ ಬೀಳದಂತೆ ಎರಡು ಮೂರು ವರ್ಷ ಬಿಡದೆ ಕಿತ್ತರೆ ಆ ಜಾಗ ಸ್ವಚ್ಛವಾಗುತ್ತದೆ. ಪಾರ್ಥೇನಿಯಂ, ಅಂದರೆ ನಮ್ಮವರು ಕಾಂಗ್ರೆಸ್ ಗಿಡ ಎನ್ನುವುದು, ಹಾಗಲ್ಲ. ಒಂದು ದೊಡ್ಡ ಗಿಡ 15,000ಕ್ಕೂ ಹೆಚ್ಚು ಬೀಜ ಬಿಡಬಲ್ಲದು. ಮಣ್ಣಿನಡಿ ಹೂತುಹೋದ ಬೀಜ ಹಲವು ವರ್ಷ ಕಾಯುತ್ತದೆ. ಒಂದು ವರ್ಷ ಬಿಟ್ಟರೆ ಹಿಂದಿನ ಶ್ರಮವೆಲ್ಲ ನೀರುಪಾಲು.

ಕೆಲವು ಗಿಡಗಳನ್ನು ಸ್ವಯಂಸೇವಕರ ಕೈಗೆ ಕೊಡಲೇಬಾರದು. ಜಪಾನೀಸ್ ನಾಟ್‌ವೀಡ್ ಎಂಬ ಕಳೆಯ ಬೇರಿನ ಸಣ್ಣ ಚೂರು ಸಾಕು, ಹೊಸ ಗಿಡ ಎದ್ದುಬಿಡುತ್ತದೆ. ಉತ್ಸಾಹದಿಂದ ಅಗೆದಷ್ಟೂ ಅದು ಹರಡುತ್ತದೆ. ಕೆರೆಯ ಮೇಲೆ ತೇಲುವ ಕಳೆಗಳಿಗೆ ನೀರಿಗಿಳಿಯಬೇಕು, ಅದಕ್ಕೆ ತರಬೇತಿ ಬೇರೆ. ಇಂಥವನ್ನು ನುರಿತವರಿಗೆ ಬಿಡಿ. ಕಳೆನಾಶಕ ರಾಸಾಯನಿಕಗಳೂ ಅಷ್ಟೇ, ಸ್ವಯಂಸೇವಕರ ದಿನದಲ್ಲಿ ಅವುಗಳಿಗೆ ಜಾಗವಿಲ್ಲ.

ಹೆಜ್ಜೆ 3: ಸರಿಯಾದ ತಿಂಗಳು

ನಿಯಮ ಸರಳ. ಮಣ್ಣು ಹಸಿಯಾಗಿರಬೇಕು, ಗಿಡ ಬೀಜ ಕಟ್ಟಿರಬಾರದು. ಮಳೆ ಬಿದ್ದ ಮೇಲೆ ಎಳೆಯ ಗಿಡವನ್ನು ಹಿಡಿದೆಳೆದರೆ ಬೇರು ಸಮೇತ ಬರುತ್ತದೆ. ಒಣ ಮಣ್ಣಿನಲ್ಲಿ ಕಾಂಡ ತುಂಡಾಗಿ ಬೇರು ಒಳಗೇ ಉಳಿಯುತ್ತದೆ.

ಪಾರ್ಥೇನಿಯಂ ವಿಷಯದಲ್ಲಿ ಅವಧಿ ಬಹಳ ಕಡಿಮೆ. ಹವೆ ಅನುಕೂಲವಾಗಿದ್ದರೆ ಮೊಳೆತ ನಾಲ್ಕು ವಾರಗಳಲ್ಲೇ ಹೂ ಬಿಡುತ್ತದೆ. ನೆಲಕ್ಕೆ ಅಂಟಿಕೊಂಡು ಎಲೆ ಹರಡಿರುವಾಗಲೇ ಕೀಳಬೇಕು. ಕ್ರೋಮೊಲೆನಾ, ಅಂದರೆ ಕೆಲವೆಡೆ ಕಮ್ಯುನಿಸ್ಟ್ ಗಿಡ ಎಂದು ಕರೆಯುವುದು, ಹಗಲು ಚಿಕ್ಕದಾದಾಗ ಹೂ ಬಿಡುತ್ತದೆ. ಭೂಮಧ್ಯರೇಖೆಯ ಉತ್ತರಕ್ಕೆ ಅದು ಸುಮಾರಾಗಿ ನವೆಂಬರ್‌ನಿಂದ ಜನವರಿ. ಅಷ್ಟರೊಳಗೆ ಕೆಲಸ ಮುಗಿಯಬೇಕು. ಆಮೇಲೆ ಅದರ ಕೂದಲಿನಂಥ ಬೀಜ ಗಾಳಿಯಲ್ಲಿ ಹಾರುತ್ತದೆ, ಬಟ್ಟೆಗೂ ಅಂಟುತ್ತದೆ. ಆ ಹೊತ್ತಿನಲ್ಲಿ ಮೂವತ್ತು ಜನರನ್ನು ಅದರೊಳಗೆ ನಡೆಸಿದರೆ ಮೂವತ್ತು ದಿಕ್ಕಿಗೆ ಬೀಜ ಹೊತ್ತು ಬಿತ್ತಿದಂತೆ.

ಸರಿಯಾದ ತಿಂಗಳು ತಪ್ಪಿತೇ? ಆ ದಿನ ಬರೀ ನಡಿಗೆ ಇಟ್ಟುಕೊಳ್ಳಿ. ಜನ ಬರುತ್ತಾರೆ ಎಂಬ ಒಂದೇ ಕಾರಣಕ್ಕೆ ಸುಮ್ನೆ ಕೀಳಿಸಬೇಡಿ.

ಹೆಜ್ಜೆ 4: ಎಲ್ಲಿಂದ ಶುರು ಮಾಡುವುದು

ಎಲ್ಲರ ಕಣ್ಣೂ ಮೊದಲು ಹೋಗುವುದು ಕಳೆ ಅತಿ ದಟ್ಟವಾಗಿರುವ ಕಡೆಗೆ. ಅಲ್ಲಿ ಕೆಲಸ ಮಾಡಿದರೆ ದೊಡ್ಡ ಬಯಲು ಕಾಣುತ್ತದೆ, ಫೋಟೋ ಚೆನ್ನಾಗಿ ಬರುತ್ತದೆ. ಆದರೆ ಅಲ್ಲಿಂದ ಶುರು ಮಾಡಬೇಡಿ.

ಈ ಪಾಠ ಕಲಿಸಿದವರು ಆಸ್ಟ್ರೇಲಿಯಾದ ಸಿಡ್ನಿಯ ಇಬ್ಬರು ಅಕ್ಕತಂಗಿಯರು, ಜೋನ್ ಬ್ರಾಡ್ಲಿ ಮತ್ತು ಐಲೀನ್ ಬ್ರಾಡ್ಲಿ. 1960ರ ದಶಕದಲ್ಲಿ ತಮ್ಮ ಮನೆಯ ಹತ್ತಿರದ ಕುರುಚಲು ಕಾಡಿನಲ್ಲಿ ನಡೆದಾಡುತ್ತಾ, ದಾರಿಯಲ್ಲಿ ಸಿಕ್ಕ ಕಳೆಗಳನ್ನು ಕೈಯಿಂದಲೇ ಕೀಳುತ್ತಾ ಬಂದರು. ಅವರ ಅನುಭವದಿಂದ ಮೂರು ನಿಯಮ ಹುಟ್ಟಿತು. ಒಳ್ಳೆಯ ಕಾಡಿನಿಂದ ಶುರು ಮಾಡಿ ಕೆಟ್ಟ ಜಾಗದ ಕಡೆಗೆ ಸಾಗಿ. ಮಣ್ಣನ್ನು ಆದಷ್ಟು ಕಡಿಮೆ ಕೆದಕಿ, ಕೆದಕಿದ್ದನ್ನು ತರಗೆಲೆಯಿಂದ ಮತ್ತೆ ಮುಚ್ಚಿ. ಸ್ಥಳೀಯ ಗಿಡಗಳು ಎಷ್ಟು ವೇಗದಲ್ಲಿ ವಾಪಸ್ ಬರುತ್ತವೋ ಅಷ್ಟೇ ವೇಗದಲ್ಲಿ ಕಳೆ ತೆಗೆಯಿರಿ, ಅದಕ್ಕಿಂತ ಮುಂದೆ ಓಡಬೇಡಿ.

ಇದರ ಹಿಂದಿನ ಕಾರಣ ನೋಡಿ. ಒಳ್ಳೆಯ ಕಾಡಿನ ಅಂಚಿನಲ್ಲಿ ಹತ್ತು ಕಳೆಗಿಡ ಕಿತ್ತರೆ ಆ ಹತ್ತು ಗುಂಡಿಗೆ ಸುತ್ತಲಿನ ಸ್ಥಳೀಯ ಗಿಡಗಳ ಬೀಜ ಬೀಳುತ್ತದೆ. ನೆರಳು ಹಾಗೇ ಇರುತ್ತದೆ. ಕಳೆಗೆ ಮತ್ತೆ ಏಳಲು ಅವಕಾಶ ಕಡಿಮೆ. ದಟ್ಟ ಕಳೆಯ ನಡುವೆ ಒಂದು ಎಕರೆ ಬೋಳು ಮಾಡಿದರೆ ಮಣ್ಣಿನಲ್ಲಿರುವುದು ಬರೀ ಕಳೆಯ ಬೀಜ, ಮೇಲಿಂದ ಬಿಸಿಲು ಬೇರೆ. ಮುಳ್ಳುಪೊದೆಯಾಗಿ ಹಬ್ಬುವ ಲಂಟಾನ ಎಂಬ ಕಳೆಯನ್ನು ತೆಗೆದ ಬಯಲಲ್ಲಿ ಕ್ರೋಮೊಲೆನಾ ಅಥವಾ ಪಾರ್ಥೇನಿಯಂ ಬಂದು ಕೂರುವುದು ಹೀಗೆ.

ಇನ್ನೊಂದು ಕಾರಣವೂ ಇದೆ. ಕಳೆಯ ಪೊದೆಯನ್ನೇ ಆಸರೆ ಮಾಡಿಕೊಂಡ ಹಕ್ಕಿಗಳಿರುತ್ತವೆ. ಲಂಟಾನದ ಹೂವಿಗೆ ಚಿಟ್ಟೆಗಳು ಬರುತ್ತವೆ. ಒಂದೇ ದಿನ ಎಲ್ಲವನ್ನೂ ತೆಗೆದುಬಿಟ್ಟರೆ ಅವು ಎಲ್ಲಿಗೆ ಹೋಗಬೇಕು? ತುಂಡು ತುಂಡಾಗಿ ತೆಗೆಯಿರಿ. ಒಂದು ಕಡೆ ಸ್ಥಳೀಯ ಪೊದೆ ಬೆಳೆದ ಮೇಲೆ ಇನ್ನೊಂದು ಕಡೆ ಕೈ ಹಾಕಿ.

ಎಷ್ಟು ಜಾಗ? ಹದಿನೈದು ಜನ, ಎರಡು ಗಂಟೆ ಕೆಲಸ ಎಂದಾದರೆ ಒಂದು ದೊಡ್ಡ ತರಗತಿ ಕೋಣೆಯಷ್ಟು ಜಾಗದಿಂದ ಶುರು ಮಾಡಿ. ಕಡಿಮೆ ಅನಿಸಬಹುದು. ಅಲ್ಲಿ ಚೊಕ್ಕಟವಾಗಿ ಮಾಡಿ ಮುಗಿಸಲಿ, ಉಳಿದರೆ ಮುಂದಕ್ಕೆ ಹೋಗಲಿ.

ಹೆಜ್ಜೆ 5: ದಾರಿಯನ್ನು ಮೊದಲೇ ನಡೆದು ನೋಡಿ

ಕಾರ್ಯಕ್ರಮಕ್ಕೆ ಒಂದು ವಾರ ಮೊದಲು, ಅದೇ ಹೊತ್ತಿಗೆ, ಅದೇ ದಾರಿಯಲ್ಲಿ ನೀವು ನಡೆಯಬೇಕು. ಹೊತ್ತು ಮುಖ್ಯ. ಬೆಳಗ್ಗೆ ಏಳಕ್ಕೆ ನೆರಳಿರುವ ಜಾಗ ಹತ್ತಕ್ಕೆ ಸುಡುತ್ತಿರುತ್ತದೆ.

ನಡಿಗೆ ಎರಡು ಕಿಲೋಮೀಟರ್ ಮೀರದಿರಲಿ. ನಿಂತು ನೋಡುತ್ತಾ ಹೋದರೆ ಅಷ್ಟಕ್ಕೇ ಒಂದೂವರೆ ಗಂಟೆ ಬೇಕು. ನಿಲ್ಲುವ ಜಾಗ ಐದಾರು ಗುರುತಿಸಿಕೊಳ್ಳಿ. ಹದಿನೈದು ಜನ ಅರ್ಧವೃತ್ತದಲ್ಲಿ ನಿಲ್ಲಲು ಅಲ್ಲಿ ಜಾಗ ಇರಬೇಕು, ಇಲ್ಲದಿದ್ದರೆ ಹಿಂದಿನವರು ದಾರಿ ಬಿಟ್ಟು ಸಸಿಗಳನ್ನು ತುಳಿಯುತ್ತಾರೆ. ಕೆಲಸದ ಜಾಗ ನಡಿಗೆಯ ಮೂರನೇ ಎರಡು ಭಾಗ ಮುಗಿದ ಮೇಲೆ ಸಿಗುವಂತೆ ದಾರಿ ಆರಿಸಿ. ಅಲ್ಲಿಂದ ವಾಹನ ಬರುವ ಜಾಗಕ್ಕೆ ಹತ್ತಿರದ ದಾರಿ ಯಾವುದು, ಮೊಬೈಲ್ ಸಿಗ್ನಲ್ ಎಲ್ಲಿ ಸಿಗುತ್ತದೆ, ಹತ್ತಿರದ ಆಸ್ಪತ್ರೆ ಎಲ್ಲಿದೆ ಎಂದು ಬರೆದಿಟ್ಟುಕೊಳ್ಳಿ.

ಕೆಲಸದ ಜಾಗದ ಅಂಚಿಗೆ ಬಣ್ಣದ ಪಟ್ಟಿ ಕಟ್ಟಿ. ಒಳಗಿರುವ ಸ್ಥಳೀಯ ಸಸಿಗಳಿಗೆ ಬೇರೆ ಬಣ್ಣದ ಪಟ್ಟಿ. ಇದು ತುಂಬಾ ಹೊತ್ತು ತಿನ್ನುವ ಕೆಲಸ, ಆದರೂ ಬಿಡಬೇಡಿ. ಆ ಪಟ್ಟಿಯೇ ಎಷ್ಟೋ ಸಸಿಗಳನ್ನು ಉಳಿಸುತ್ತದೆ. ಕೆಲಸ ಮುಗಿದ ಮೇಲೆ ಪಟ್ಟಿಗಳನ್ನು ಬಿಚ್ಚಿ ವಾಪಸ್ ತನ್ನಿ.

ಹೆಜ್ಜೆ 6: ಜನರನ್ನು ಕರೆಯುವುದು

ಒಬ್ಬ ಗೈಡ್‌ಗೆ ಹತ್ತರಿಂದ ಹನ್ನೆರಡು ಜನ. ಅದಕ್ಕಿಂತ ಹೆಚ್ಚಾದರೆ ಕೊನೆಯವರಿಗೆ ಮಾತು ಕೇಳಿಸುವುದಿಲ್ಲ. ಜೊತೆಗೆ ಸಾಲಿನ ಕೊನೆಯಲ್ಲಿ ನಡೆಯಲು ನಿಮ್ಮವರೇ ಒಬ್ಬರಿರಲಿ. ಯಾರೂ ಅವರ ಹಿಂದೆ ಉಳಿಯಬಾರದು.

ಆಹ್ವಾನದಲ್ಲಿ ನಿಜ ಬರೆಯಿರಿ. ಎಷ್ಟು ದೂರ ನಡೆಯಬೇಕು, ಏರು ಇದೆಯೇ, ಎಷ್ಟು ಹೊತ್ತು ಬಗ್ಗಿ ಕೆಲಸ ಮಾಡಬೇಕು, ಶೌಚಾಲಯ ಇದೆಯೇ ಎಂದು ತಿಳಿಸಿ. ತುಂಬುತೋಳಿನ ಅಂಗಿ, ಗಟ್ಟಿ ಪ್ಯಾಂಟ್, ಮುಚ್ಚಿದ ಶೂ ಕಡ್ಡಾಯ. ಅಲರ್ಜಿ, ಉಬ್ಬಸ, ಔಷಧಿಗಳ ಬಗ್ಗೆ ಮೊದಲೇ ಕೇಳಿ. ಮಕ್ಕಳು ಬರಬಹುದೇ ಎಂದು ಎಲ್ಲರೂ ಕೇಳುತ್ತಾರೆ. ಖಂಡಿತ ಬರಲಿ. ಅವರ ಕಣ್ಣು ನಮ್ಮದಕ್ಕಿಂತ ಚುರುಕು, ಎಳೆ ಸಸಿ ಗುರುತಿಸುವುದರಲ್ಲಿ ದೊಡ್ಡವರನ್ನು ಮೀರಿಸುತ್ತಾರೆ. ಹರಿತವಾದ ಸಲಕರಣೆ ಮಾತ್ರ ಅವರಿಗೆ ಬೇಡ.

ಬಗ್ಗಲು ಆಗದವರನ್ನೂ ಕರೆಯಿರಿ. ಲೆಕ್ಕ ಬರೆಯುವುದು, ಫೋಟೋ ತೆಗೆಯುವುದು, ಸಲಕರಣೆ ಎಣಿಸಿ ಕೊಡುವುದು, ರಾಶಿಯಲ್ಲಿ ತಪ್ಪಿ ಬಂದ ಒಳ್ಳೆಯ ಗಿಡ ಇದೆಯೇ ಎಂದು ನೋಡುವುದು, ಎಲ್ಲಕ್ಕೂ ಜನ ಬೇಕು.

ಹೆಜ್ಜೆ 7: ಸಲಕರಣೆ

ಎಳೆ ಗಿಡಕ್ಕೆ ಕೈಗವಸು ತೊಟ್ಟ ಕೈಗಿಂತ ಒಳ್ಳೆಯ ಸಲಕರಣೆ ಇಲ್ಲ. ಮುಳ್ಳಿನ ಲಂಟಾನಕ್ಕೆ ದಪ್ಪ ಚರ್ಮದ ಗ್ಲೌಸ್ ಬೇಕು, ತೆಳ್ಳಗಿನ ರಬ್ಬರ್ ಸಾಲದು. ಇದರ ಜೊತೆ ಗುದ್ದಲಿ, ಪಿಕಾಸಿ, ಉದ್ದ ಹಿಡಿಯ ಕತ್ತರಿ, ಒಂದೆರಡು ಹಾರೆ, ಚಿಕ್ಕ ಗರಗಸ. ರಾಶಿ ಹಾಕಲು ಟಾರ್ಪಾಲು, ಬೀಜದ ಗೊಂಚಲು ತುಂಬಲು ಗಟ್ಟಿ ಚೀಲ. ಮಚ್ಚು ಹೊಸಬರ ಕೈಗೆ ಕೊಡಬೇಡಿ. ಬಳಸಲು ಗೊತ್ತಿರುವ ಒಬ್ಬರಿಬ್ಬರು ಮಾತ್ರ ಹಿಡಿಯಲಿ.

ಎಲ್ಲ ಹಿಡಿಗಳಿಗೂ ಕಣ್ಣಿಗೆ ಹೊಡೆಯುವ ಬಣ್ಣ ಬಳಿದಿಡಿ. ಹಸಿರಿನ ನಡುವೆ ಕತ್ತರಿ ಕಳೆದುಹೋಗುವುದು ತೀರಾ ಸುಲಭ. ಹೋಗುವಾಗ ಎಣಿಸಿ, ಬರುವಾಗ ಎಣಿಸಿ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಕುಡಿಯುವ ನೀರು ಕೆಲಸದ ಜಾಗದಲ್ಲೇ ಇರಲಿ, ಗಾಡಿಯಲ್ಲಿ ಅಲ್ಲ.

ಹೆಜ್ಜೆ 8: ನಡಿಗೆ

ಬಹಳ ಕಡೆ ನಡಿಗೆಯನ್ನು ಬಹುಮಾನದ ಹಾಗೆ ಕೊನೆಗೆ ಇಡುತ್ತಾರೆ. ಕೆಲಸ ಮಾಡಿ, ಆಮೇಲೆ ಸುತ್ತಿಸುತ್ತೇವೆ ಎನ್ನುತ್ತಾರೆ. ನನ್ನ ಪ್ರಕಾರ ಅದು ತಿರುಗಾಮುರುಗಾ. ನಡಿಗೆ ಕಣ್ಣಿಗೆ ತರಬೇತಿ ಕೊಡುತ್ತದೆ. ಕಳೆ ಇಲ್ಲದ ಕಾಡು ಹೇಗಿರುತ್ತದೆ ಎಂದು ನೋಡದವರಿಗೆ ಕಳೆ ಬಂದ ಕಾಡಿನಲ್ಲಿ ಏನು ತಪ್ಪಿದೆ ಎಂದು ತಿಳಿಯುವುದಾದರೂ ಹೇಗೆ? ಎಲ್ಲವೂ ಹಸಿರೇ ಅಲ್ವಾ?

ಶುರುವಿನಲ್ಲಿ ಐದು ನಿಮಿಷ ಮಾತು ಸಾಕು. ಇವತ್ತು ಏನು ಮಾಡುತ್ತೇವೆ, ಎಷ್ಟಕ್ಕೆ ಮುಗಿಯುತ್ತದೆ, ಅಪಾಯ ಕಂಡರೆ ಏನು ಮಾಡಬೇಕು. ಹೊರಡುವ ಮೊದಲು ಎಲ್ಲರ ಬೂಟಿನ ಅಡಿಯನ್ನು ಬ್ರಷ್‌ನಿಂದ ಉಜ್ಜಿಸಿ. ಇದು ಶಾಸ್ತ್ರಕ್ಕಲ್ಲ. ನ್ಯೂಜಿಲೆಂಡಿನಲ್ಲಿ ಸಾವಿರ ವರ್ಷಕ್ಕೂ ಹೆಚ್ಚು ಬಾಳಬಲ್ಲ ಕೌರಿ ಮರಗಳನ್ನು ಮಣ್ಣಿನಲ್ಲಿರುವ ಕಣ್ಣಿಗೆ ಕಾಣದ ಒಂದು ಜೀವಿ ಕೊಲ್ಲುತ್ತಿದೆ. ಅದು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವ ಮುಖ್ಯ ದಾರಿಗಳಲ್ಲಿ ನಡೆಯುವವರ ಬೂಟಿನ ಮಣ್ಣೂ ಒಂದು. ಅದಕ್ಕೇ ಅಲ್ಲಿ ಕಾಡಿನ ಬಾಗಿಲಲ್ಲಿ ಬೂಟು ತೊಳೆಯುವ ವ್ಯವಸ್ಥೆ ಇಟ್ಟಿದ್ದಾರೆ, ಎಷ್ಟೋ ದಾರಿಗಳನ್ನು ಮುಚ್ಚಿಯೂ ಇದ್ದಾರೆ. ಕಳೆಯ ಬೀಜವೂ ಇದೇ ರೀತಿ ಸವಾರಿ ಮಾಡುತ್ತದೆ. ಕಾಡು ಉಳಿಸಲು ಬಂದವರೇ ಅದಕ್ಕೆ ರೋಗ ತರಬಾರದು.

ಮೊದಲ ನಿಲ್ದಾಣ ನಿಮ್ಮ ಪ್ರಕೃತಿಧಾಮದ ಅತಿ ಒಳ್ಳೆಯ ತುಣುಕಿನಲ್ಲಿರಲಿ. ಅಲ್ಲಿ ಎರಡು ನಿಮಿಷ ಯಾರೂ ಮಾತಾಡಬೇಡಿ. ಆಮೇಲೆ ಒಂದು ಚಿಕ್ಕ ಕೆಲಸ ಕೊಡಿ: ನಿಂತಲ್ಲೇ, ಒಂದು ಹೆಜ್ಜೆಯಳತೆಯ ನೆಲದಲ್ಲಿ ಬೇರೆ ಬೇರೆ ಬಗೆಯ ಎಲೆ ಎಷ್ಟಿವೆ ಎಂದು ಎಣಿಸಲಿ. ಕಳೆ ಆವರಿಸಿದ ಜಾಗಕ್ಕೆ ಹೋದ ಮೇಲೆ ಅದೇ ಎಣಿಕೆ ಮತ್ತೊಮ್ಮೆ. ವ್ಯತ್ಯಾಸವನ್ನು ಅವರೇ ಹೇಳುತ್ತಾರೆ. ನಿಮ್ಮ ಅರ್ಧ ಗಂಟೆಯ ಭಾಷಣ ಮಾಡದ್ದನ್ನು ಈ ಎರಡು ಎಣಿಕೆ ಮಾಡುತ್ತದೆ.

ನಡುವೆ ಕಳೆಯ ಕಥೆ ಹೇಳಿ, ಆದರೆ ಗಿಡದ ಮುಂದೆ ನಿಂತು ಹೇಳಿ. ಲಂಟಾನದ ತವರು ಅಮೆರಿಕ ಖಂಡದ ಉಷ್ಣ ಪ್ರದೇಶ. ಹೂವಿನ ಚೆಲುವಿಗೆ ಮರುಳಾಗಿ ಯುರೋಪಿನವರು ಅದನ್ನು ತೋಟದ ಗಿಡವಾಗಿ ಬೆಳೆಸಿದರು, ತಳಿಗಳನ್ನು ಬೆರೆಸಿದರು, ಜಗತ್ತಿಗೆಲ್ಲ ಹಂಚಿದರು. ಭಾರತಕ್ಕೆ ಅದು ಬಂದದ್ದು 19ನೇ ಶತಮಾನದ ಆರಂಭದಲ್ಲಿ, ಅಲಂಕಾರದ ಗಿಡವಾಗಿ. ಈಗ ಇಲ್ಲಿನ ಹುಲಿ ಕಾಡುಗಳ ದೊಡ್ಡ ಭಾಗದಲ್ಲಿ ಅದು ಹಬ್ಬಿದೆ. ಹಕ್ಕಿಗಳು ಹಣ್ಣು ತಿಂದು ಮರದ ಮೇಲೆ ಕೂತು ಬೀಜ ಉದುರಿಸುತ್ತವೆ. ಹೀಗೆಂದ ಕೂಡಲೇ ಹತ್ತಿರದ ದೊಡ್ಡ ಮರದಡಿ ಕರೆದೊಯ್ದು ಅಲ್ಲಿ ಎದ್ದಿರುವ ಎಳೆ ಲಂಟಾನಗಳನ್ನು ತೋರಿಸಿ. ಕಥೆ ಕಣ್ಣೆದುರೇ ಇರುತ್ತದೆ.

ಗಿಡ ಗುರುತಿಸಲು ಒಂದೇ ಲಕ್ಷಣ ನಂಬಬೇಡಿ, ಕನಿಷ್ಠ ಮೂರು ಹೊಂದಬೇಕು. ಲಂಟಾನಕ್ಕೆ: ನಾಲ್ಕು ಮೂಲೆಯ ಕಾಂಡ, ಎದುರುಬದುರು ಕೂತ ಒರಟು ಎಲೆ, ಉಜ್ಜಿದರೆ ಬರುವ ಕಟುವಾಸನೆ. ಕ್ರೋಮೊಲೆನಾಕ್ಕೆ: ಎಲೆಯ ಬುಡದ ಹತ್ತಿರದಿಂದ ಮೂರು ನರಗಳು ತ್ರಿಶೂಲದ ಹಾಗೆ ಏಳುತ್ತವೆ, ಎಲೆ ಎದುರುಬದುರು, ಕಾಂಡದ ಮೇಲೆ ಸಣ್ಣ ರೋಮ. ಪಾರ್ಥೇನಿಯಂನ ಎಳೆ ಎಲೆಯನ್ನು ಕ್ಯಾರೆಟ್ ಎಲೆ, ಚೆಂಡುಹೂವಿನ ಎಲೆ ಎಂದು ಭಾವಿಸುವವರಿದ್ದಾರೆ. ಹಾಗಾಗಿ ಕಳೆಯ ಪಕ್ಕದಲ್ಲೇ ಅದನ್ನು ಹೋಲುವ ಸ್ಥಳೀಯ ಗಿಡವನ್ನೂ ತೋರಿಸಿ. "ಇದು ಕಳೆಯಾ ಸರ್?" ಎಂದು ಯಾರಾದರೂ ಕೇಳಿದರೆ ಕೂಡಲೇ ಉತ್ತರ ಕೊಡಬೇಡಿ. ಮೂರು ಲಕ್ಷಣ ನೋಡಿ ಅವರೇ ಹೇಳಲಿ. ಅನುಮಾನ ಇದ್ದರೆ ಬಿಡುವುದು ನಿಯಮ. ಉಳಿದ ಕಳೆಯನ್ನು ಮುಂದಿನ ಸಲ ಕೀಳಬಹುದು, ಕಿತ್ತ ಸ್ಥಳೀಯ ಸಸಿ ವಾಪಸ್ ಬರುವುದಿಲ್ಲ.

ಹೆಜ್ಜೆ 9: ಕೀಳುವುದು

ಕೆಲಸದ ಜಾಗ ಬಂತು. ಎಲ್ಲರನ್ನೂ ಒಳಗೆ ಬಿಡುವ ಮೊದಲು ನೀವೊಬ್ಬರೇ ಒಂದು ಕೋಲಿನಿಂದ ಪೊದೆಗಳನ್ನು ತಟ್ಟಿ, ಸ್ವಲ್ಪ ಕಾಯಿರಿ. ಹಾವು, ಕಣಜದ ಗೂಡು, ಹಕ್ಕಿಯ ಗೂಡು ಇದೆಯೇ ನೋಡಿ. ಗೂಡಿದ್ದರೆ ಆ ಪೊದೆಯನ್ನು ಹಾಗೇ ಬಿಟ್ಟು ಸುತ್ತ ಪಟ್ಟಿ ಕಟ್ಟಿ.

ಆಮೇಲೆ ಒಂದು ಗಿಡವನ್ನು ಎಲ್ಲರ ಎದುರು ನೀವೇ ಕಿತ್ತು ತೋರಿಸಿ, ನಿಧಾನವಾಗಿ. ಪ್ರತಿಯೊಬ್ಬರೂ ಒಂದೊಂದನ್ನು ನಿಮ್ಮೆದುರು ಕೀಳಲಿ. ಇಬ್ಬಿಬ್ಬರ ಜೋಡಿ ಮಾಡಿ, ಜೋಡಿಗಳ ನಡುವೆ ಮೂರು ಮೀಟರ್ ಅಂತರ ಇರಲಿ.

ಎಳೆಯ ಗಿಡವಾದರೆ ಬುಡವನ್ನು, ಮಣ್ಣಿಗೆ ಆದಷ್ಟು ಹತ್ತಿರ, ಹಿಡಿದು ನೇರ ಮೇಲಕ್ಕೆ ನಿಧಾನವಾಗಿ ಎಳೆಯಿರಿ. ಎಳೆದ ಮೇಲೆ ಬೇರಿನ ಮಣ್ಣನ್ನು ಅದೇ ಗುಂಡಿಗೆ ಉದುರಿಸಿ, ಕಾಲಿನಿಂದ ಮೆಲ್ಲಗೆ ಒತ್ತಿ, ತರಗೆಲೆ ಎಳೆದು ಮುಚ್ಚಿ. ಕೊನೆಯ ಈ ಹತ್ತು ಸೆಕೆಂಡಿನ ಕೆಲಸವನ್ನು ಜನ ಮರೆಯುತ್ತಾರೆ. ತೆರೆದ ಮಣ್ಣು ಕಳೆ ಬೀಜಕ್ಕೆ ಹಾಸಿಗೆ, ಇದನ್ನು ಮತ್ತೆ ಮತ್ತೆ ನೆನಪಿಸಿ.

ದೊಡ್ಡ ಲಂಟಾನ ಪೊದೆಗೆ ಬೇರೆ ದಾರಿ. ನೆಲಮಟ್ಟಕ್ಕೆ ಕತ್ತರಿಸಿದರೆ ಬುಡದಿಂದ ಹತ್ತಾರು ಚಿಗುರು ಬರುತ್ತವೆ. ಇಡೀ ಬೇರನ್ನು ಅಗೆದರೆ ಮಣ್ಣು ಪೂರಾ ತಿರುವುಮುರುವಾಗಿ ಒಳಗಿದ್ದ ಬೀಜಗಳೆಲ್ಲ ಮೊಳೆಯುತ್ತವೆ. ದೆಹಲಿ ವಿಶ್ವವಿದ್ಯಾಲಯದ ಸಿ. ಆರ್. ಬಾಬು ಮತ್ತು ಸಂಗಡಿಗರು ಕಾರ್ಬೆಟ್ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಇದಕ್ಕೊಂದು ಉಪಾಯ ಕಂಡುಕೊಂಡರು. ಲಂಟಾನ ಚಿಗುರುವುದು ಕಾಂಡ ಮತ್ತು ಬೇರು ಸೇರುವ ಜಾಗದಿಂದ. ಅದರ ಕೆಳಗೆ, ಮಣ್ಣಿನಿಂದ 3ರಿಂದ 5 ಸೆಂಟಿಮೀಟರ್ ಆಳದಲ್ಲಿ, ತಾಯಿಬೇರನ್ನು ಕತ್ತರಿಸಿದರೆ ಸಾಕು. ಮಾಡುವ ಕ್ರಮ ಹೀಗೆ: ಮೊದಲು ಅಡ್ಡ ಬರುವ ಕೊಂಬೆಗಳನ್ನು ಸವರಿ ಬುಡ ಕಾಣುವಂತೆ ಮಾಡಿ. ಬುಡದ ಪಕ್ಕದಿಂದ ಗುದ್ದಲಿಯ ಒಂದೆರಡು ಏಟಿನಲ್ಲಿ ಬೇರನ್ನು ಕಡಿಯಿರಿ. ಪೊದೆಯನ್ನು ಎತ್ತಿ ಬೇರು ಆಕಾಶ ನೋಡುವಂತೆ ತಲೆಕೆಳಗಾಗಿ ಇಡಿ. ಬೇರು ಮಣ್ಣಿಗೆ ತಾಗದಿದ್ದರೆ ಬಿಸಿಲಿಗೆ ಒಣಗಿಹೋಗುತ್ತದೆ. ಕಾಯಿ, ಹಣ್ಣು ಇದ್ದರೆ ಮೊದಲೇ ಬಿಡಿಸಿ ಚೀಲಕ್ಕೆ ಹಾಕಿ.

ಸೆನ್ನಾ ಸ್ಪೆಕ್ಟಾಬಿಲಿಸ್‌ನಂಥ ಕಳೆ ಮರಗಳಿಗೆ ಗರಗಸ ಹಚ್ಚಿದರೆ ಒಂದು ಕಾಂಡದ ಜಾಗದಲ್ಲಿ ಹಲವು ಏಳುತ್ತವೆ. ಅಂಥಲ್ಲಿ ಸುತ್ತಲೂ ತೊಗಟೆ ಸುಲಿದು ಮರವನ್ನು ನಿಂತಲ್ಲೇ ಒಣಗಿಸುತ್ತಾರೆ. ತೊಗಟೆಯ ಒಂದು ಎಳೆ ಉಳಿದರೂ ಮರ ಬದುಕುತ್ತದೆ, ಬುಡದ ಚಿಗುರನ್ನು ಆಗಾಗ ಉಜ್ಜಿ ತೆಗೆಯುತ್ತಿರಬೇಕು. ಒಣಗಿದ ಮರ ಮುಂದೊಂದು ದಿನ ಬೀಳುತ್ತದೆ ಎಂಬುದು ನೆನಪಿರಲಿ. ನಡೆಯುವ ದಾರಿಯ ಪಕ್ಕ ಹೀಗೆ ಮಾಡಬೇಡಿ.

ಬಳ್ಳಿ ಕಳೆಗಳನ್ನು ಮರದಿಂದ ಜಗ್ಗಿ ಎಳೆಯಬಾರದು, ಕೊಂಬೆ ಮುರಿದು ತಲೆ ಮೇಲೆ ಬೀಳುತ್ತದೆ. ಸೊಂಟದ ಎತ್ತರದಲ್ಲಿ ಕತ್ತರಿಸಿ, ಮೇಲಿನದ್ದು ಅಲ್ಲೇ ಒಣಗಲಿ, ಕೆಳಗಿನದ್ದನ್ನು ಬೇರಿನವರೆಗೆ ಹಿಂಬಾಲಿಸಿ ತೆಗೆಯಿರಿ. ಮೈಕೇನಿಯಾದಂಥ ಬಳ್ಳಿ ಗೆಣ್ಣು ಗೆಣ್ಣಿಗೂ ಬೇರು ಬಿಡುತ್ತದೆ. ತುಂಡುಗಳನ್ನು ನೆಲದಲ್ಲಿ ಬಿಡಬೇಡಿ.

ಮುಕ್ಕಾಲು ಗಂಟೆಗೊಮ್ಮೆ ಎಲ್ಲರನ್ನೂ ನಿಲ್ಲಿಸಿ. ನೀರು ಕುಡಿಯಲಿ, ಬೆನ್ನು ನೇರ ಮಾಡಲಿ, ಜೋಡಿಗಳು ಕೆಲಸ ಬದಲಿಸಿಕೊಳ್ಳಲಿ. ಹತ್ತಿರದ ರಾಶಿಯಿಂದ ಒಂದು ಹಿಡಿ ತೆಗೆದು ಎಲ್ಲರ ಮುಂದೆ ನೋಡಿ. ಒಳ್ಳೆಯ ಗಿಡ ತಪ್ಪಿ ಬಂದಿದ್ದರೆ ಯಾರು ಕಿತ್ತರು ಎಂದು ಕೇಳಬೇಡಿ, ವ್ಯತ್ಯಾಸ ತೋರಿಸಿ ಮುಂದುವರಿಯಿರಿ.

ಹೆಜ್ಜೆ 10: ಕಿತ್ತದ್ದನ್ನು ಏನು ಮಾಡುವುದು

ಹೂವು, ಕಾಯಿ ಇಲ್ಲದ ಗಿಡಗಳನ್ನು ಬೇರು ಮೇಲೆ ಮಾಡಿ ಅಲ್ಲೇ ಬಂಡೆಯ ಮೇಲೋ ಟಾರ್ಪಾಲಿನ ಮೇಲೋ ಒಣಗಿಸಬಹುದು. ಬೀಜ ಇರುವುದೆಲ್ಲ ಚೀಲಕ್ಕೆ ಹೋಗಬೇಕು. ಕಿತ್ತ ಮೇಲೂ ಬೀಜ ಬಲಿಯುವ ಗಿಡಗಳಿವೆ. ಉತ್ತರ ಅಮೆರಿಕದ ಕಾಡುಗಳಿಗೆ ಪಿಡುಗಾಗಿರುವ ಗಾರ್ಲಿಕ್ ಮಸ್ಟರ್ಡ್ ಹಾಗೆ. ಹೂವಿರುವಾಗ ಕಿತ್ತು ನೆಲದಲ್ಲಿ ಬಿಟ್ಟರೂ ಅದು ಬೀಜ ಕಟ್ಟಿಬಿಡುತ್ತದೆ. ಚೀಲಗಳನ್ನು ಕಟ್ಟಿ ಬಿಸಿಲಲ್ಲಿ ಹಲವು ವಾರ ಬೇಯಲು ಬಿಡಿ, ಅಥವಾ ಆಡಳಿತ ಹೇಳಿದಂತೆ ವಿಲೇವಾರಿ ಮಾಡಿ. ಕಾಡಿನೊಳಗೆ ಬೆಂಕಿ ಹಚ್ಚುವ ಮಾತೇ ಬೇಡ. ಲಂಟಾನ ಎಲೆ ದನಕರುಗಳಿಗೆ ವಿಷ, ಅವು ಮೇಯುವ ಜಾಗದಲ್ಲಿ ರಾಶಿ ಹಾಕಬೇಡಿ.

ಸುರಕ್ಷತೆಯ ಬಗ್ಗೆ ಇನ್ನಷ್ಟು

ಪಾರ್ಥೇನಿಯಂ ಕೀಳುವುದಾದರೆ ಎಚ್ಚರ ಜಾಸ್ತಿ ಬೇಕು. ಅದು ಚರ್ಮಕ್ಕೆ ತುರಿಕೆ, ಉಸಿರಾಟಕ್ಕೆ ತೊಂದರೆ ತರುತ್ತದೆ. ಮೊದಮೊದಲು ಏನೂ ಆಗದವರಿಗೂ ಮತ್ತೆ ಮತ್ತೆ ತಾಗಿದ ಮೇಲೆ ಅಲರ್ಜಿ ಶುರುವಾಗಬಹುದು. "ನನಗೇನೂ ಆಗಲ್ಲ" ಎನ್ನುವವರಿಗೂ ಗ್ಲೌಸ್, ಮಾಸ್ಕ್ ಹಾಕಿಸಿ. ಉಬ್ಬಸ ಇರುವವರಿಗೆ ಬೇರೆ ಕೆಲಸ ಕೊಡಿ.

ಕೈಯನ್ನು ಕಣ್ಣಿಗೆ ಕಾಣದ ಜಾಗಕ್ಕೆ ತೂರಿಸಬಾರದು. ಬಂಡೆ, ಬಿದ್ದ ಮರ ಎತ್ತಬಾರದು. ಗುಡುಗು ಕೇಳಿಸಿದರೆ ಲೋಹದ ಸಲಕರಣೆ ಕೆಳಗಿಟ್ಟು ವಾಪಸ್ ಹೊರಡಿ, ಇನ್ನು ಹತ್ತೇ ನಿಮಿಷ ಎನ್ನಬೇಡಿ. ತಲೆಸುತ್ತು, ವಾಕರಿಕೆ ಎಂದವರನ್ನು ಕೂಡಲೇ ನೆರಳಿಗೆ ಕರೆತನ್ನಿ. ಯಾರಿಗಾದರೂ ಹಾವು ಕಚ್ಚಿದರೆ ಗಾಯ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಅಲುಗಾಡಿಸದೆ ಆದಷ್ಟು ಬೇಗ ಆಸ್ಪತ್ರೆಗೆ ಸಾಗಿಸಿ. ಮನೆಗೆ ಹೋದ ಮೇಲೆ ಉಣ್ಣಿ ಅಂಟಿದೆಯೇ ಎಂದು ಮೈಯೆಲ್ಲ ನೋಡಿಕೊಳ್ಳಲು, ಬಟ್ಟೆ ಬೇರೆಯಾಗಿ ಒಗೆಯಲು ಹೇಳಿ.

ಹೊರಡುವ ಮೊದಲು ಬೂಟು, ಸಾಕ್ಸ್, ಪ್ಯಾಂಟಿನ ಮಡಿಕೆ, ಸಲಕರಣೆ ಎಲ್ಲವನ್ನೂ ಅಲ್ಲೇ ಉಜ್ಜಿ ಸ್ವಚ್ಛ ಮಾಡಬೇಕು.

ಹೆಜ್ಜೆ 11: ದಾಖಲೆ ಮತ್ತು ಮರಳಿ ಬರುವುದು

ಕೆಲಸದ ಜಾಗದ ಒಂದು ಮೂಲೆಯಲ್ಲಿ ಗೂಟ ನೆಟ್ಟು, ಅದೇ ಗೂಟದಿಂದ ಅದೇ ದಿಕ್ಕಿಗೆ ಪ್ರತಿ ಸಲ ಫೋಟೋ ತೆಗೆಯಿರಿ. ಶುರುವಿಗೆ ಮೊದಲು ಒಂದು, ಮುಗಿದ ಮೇಲೆ ಒಂದು. ಒಂದು ಪುಸ್ತಕದಲ್ಲಿ ದಿನಾಂಕ, ಎಷ್ಟು ಜನ, ಎಷ್ಟು ಹೊತ್ತು, ಎಷ್ಟು ಜಾಗ, ಯಾವ ಹಂತದ ಗಿಡ ಎಂದು ಬರೆಯಿರಿ. ಮೀಟರ್ ಉದ್ದ, ಮೀಟರ್ ಅಗಲದ ಮೂರ್ನಾಲ್ಕು ಚೌಕಗಳನ್ನು ಗುರುತಿಸಿ ಅದರೊಳಗೆ ಕಳೆಯ ಸಸಿ ಎಷ್ಟು, ಸ್ಥಳೀಯ ಸಸಿ ಎಷ್ಟು ಎಂದು ಎಣಿಸಿ. ಮುಂದಿನ ವರ್ಷ ಎರಡನೆಯ ಸಂಖ್ಯೆ ಏರಿದ್ದರೆ ನೀವು ಸರಿದಾರಿಯಲ್ಲಿದ್ದೀರಿ. ಬರೀ ಕಳೆಯದ್ದೇ ಏರಿದ್ದರೆ ಜಾಗ ಕಿರಿದು ಮಾಡಿ, ಬರುವುದನ್ನು ಹೆಚ್ಚಿಸಿ.

ಮೊದಲ ಮರುಭೇಟಿ ಆರರಿಂದ ಎಂಟು ವಾರದೊಳಗೆ ಆಗಬೇಕು. ಆಗ ಏಳುವ ಎಳೆ ಕಳೆಗಳನ್ನು ಎರಡು ಬೆರಳಿನಿಂದ ಕೀಳಬಹುದು, ಐದು ಜನ ಸಾಕು. ಆಮೇಲೆ ಆ ವರ್ಷ ಇನ್ನೆರಡು ಸಲ, ಮುಂದಿನ ವರ್ಷಗಳಲ್ಲಿ ಪ್ರತಿ ಮಳೆಗಾಲಕ್ಕೂ. ಲಂಟಾನವಾದರೆ ಹಕ್ಕಿ ಕೂರುವ ಮರಗಳ ಬುಡವನ್ನು ಮರೆಯದೆ ನೋಡಿ, ಹೊಸ ಸಸಿಗಳು ಅಲ್ಲೇ ಮೊದಲು ಏಳುತ್ತವೆ.

ಖಾಲಿ ಜಾಗ ಕಂಡ ಕೂಡಲೇ ಗಿಡ ನೆಡೋಣ ಎಂದು ಯಾರಾದರೂ ಹೇಳೇ ಹೇಳುತ್ತಾರೆ. ಒಂದು ಮಳೆಗಾಲ ಕಾಯಿರಿ. ಒಳ್ಳೆಯ ಕಾಡಿನ ಅಂಚಿನಲ್ಲಾದರೆ ನೆಲ ತಾನಾಗಿಯೇ ಹುಲ್ಲು, ಸಸಿ ಎಬ್ಬಿಸುತ್ತದೆ. ಏನೂ ಬರದಿದ್ದರೆ ಮಾತ್ರ ಅದೇ ಕಾಡಿನಿಂದ ಸಂಗ್ರಹಿಸಿದ ಸ್ಥಳೀಯ ಹುಲ್ಲಿನ ಬೀಜ ಎರಚಿ, ಅದೂ ಆಡಳಿತದ ಒಪ್ಪಿಗೆ ಪಡೆದು.

ಬಂದವರು ಹೊರಡುವ ಮೊದಲೇ ಮರುಭೇಟಿಯ ದಿನಾಂಕ ಹೇಳಿ, ಅಲ್ಲೇ ಹೆಸರು ಬರೆಸಿಕೊಳ್ಳಿ. ವಾರದೊಳಗೆ ಎರಡೂ ಫೋಟೋಗಳನ್ನು ಎಲ್ಲರಿಗೂ ಕಳುಹಿಸಿ. ಆರು ವಾರದ ಮೇಲೆ ಅದೇ ಗೂಟದಿಂದ ತೆಗೆದ ಮೂರನೆಯದ್ದನ್ನೂ ಕಳುಹಿಸಿ, ಆ ಸಲ ಬರಲಾಗದವರಿಗೂ.